ಅವ್ವನ ಕೈಗೆ ಪಟ್ಟಿ, ನನ್ನ ಕೈಗೆ ಹಿಟ್ಟಿನ ಕೋಲು

ಆಷಾಢದ ಎರಡನೇ ಶುಕ್ರವಾರ. ಬೆಳಗಿನ ಜಾವ ಬಾಗಿಲಿಗೆ ನೀರು ಹಾಕುವಾಗ ಅವ್ವ ಜಾರಿ ಬಿದ್ದಳು. ನಮ್ಮದು ಮೈಸೂರಿನ ಕುವೆಂಪುನಗರದ ಮನೆ. ಮುಂದಿನ ಅಂಗಳಕ್ಕೆ ನಾನೇ ಆಸೆಪಟ್ಟು ನುಣುಪಾದ ಟೈಲ್ಸ್ ಹಾಕಿಸಿದ್ದೆ. ಹಾಕಿಸುವಾಗಲೇ ಅವ್ವ "ಇದು ಅಂಗಳವೋ, ಬಚ್ಚಲೋ?" ಅಂದಿದ್ದಳು. ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಡಾಕ್ಟರು ಸಿಮೆಂಟ್ ಪಟ್ಟಿ ಹಾಕಿ, ಆರು ವಾರ ಕೈ ಅಲ್ಲಾಡಿಸಬಾರದು ಅಂದರು. ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು.

ಮೊದಲ ಮೂರು ದಿನ ಅವ್ವ ಏನೂ ಅನ್ನಲಿಲ್ಲ. ಕೊಟ್ಟ ಅನ್ನ ಸಾರನ್ನು ಎಡಗೈಯಲ್ಲಿ ಚಮಚ ಹಿಡಿದು ಉಂಡಳು. ನಾಲ್ಕನೇ ದಿನ ರಾತ್ರಿ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಅನ್ನ ಉಂಡ್ರೆ ಉಂಡಂಗೇ ಇರಕಿಲ್ಲ ಕಣಪ್ಪ. ರಾತ್ರಿಯೆಲ್ಲಾ ಎಚ್ಚರ ಆಯ್ತದೆ."

ಅರ್ಥ ಆಯಿತು. ಅವ್ವನಿಗೆ ಈಗ 71 ವರ್ಷ. ಅಷ್ಟು ವರ್ಷದಲ್ಲಿ ರಾತ್ರಿ ಹೊತ್ತು ಹಿಟ್ಟು ಉಣ್ಣದೆ ಮಲಗಿದ ದಿನಗಳನ್ನು ಬೆರಳಲ್ಲೇ ಎಣಿಸಬಹುದು. ನಮ್ಮ ಮಂಡ್ಯದ ಕಡೆ ರಾಗಿ ಮುದ್ದೆಗೆ ಮುದ್ದೆ ಅನ್ನೋದು ಕಮ್ಮಿ. ಹಿಟ್ಟು ಅಂತಲೇ ಅನ್ನೋದು. "ಊಟ ಆಯ್ತಾ" ಅಂತ ಕೇಳೋದಿಲ್ಲ, "ಇಟ್ಟು ಉಂಡ್ಯಾ" ಅಂತಾರೆ.

ತೊಂದರೆ ಏನಪ್ಪಾ ಅಂದರೆ, ನಮ್ಮ ಮನೆಯಲ್ಲಿ ಮುದ್ದೆ ಮಾಡಲು ಬರುತ್ತಿದ್ದುದು ಅವ್ವನಿಗೆ ಒಬ್ಬಳಿಗೇ. ನನ್ನ ಹೆಂಡತಿ ಪುತ್ತೂರಿನವಳು. ಕುಚ್ಚಲಕ್ಕಿ ಗಂಜಿ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಮುದ್ದೆಯ ಮುಖ ನೋಡಿದ್ದೇ ಮದುವೆಯಾದ ಮೇಲೆ. ನಾನೋ, ನಲವತ್ತು ದಾಟಿದರೂ ತಟ್ಟೆಯ ಈಚೆಗೆ ಕೂತವನು. ಆಚೆಗೆ ನಿಂತವನಲ್ಲ.

ಮರುದಿನ ಮೊಬೈಲಲ್ಲಿ ಒಂದು ಹೋಟೆಲ್ಲಿಂದ ಮುದ್ದೆ ತರಿಸಿದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂತು. ಮುಚ್ಚಳದ ತುಂಬಾ ಬೆವರು. ಮುದ್ದೆಯ ಮೇಲೆ ಗಟ್ಟಿ ಸಿಪ್ಪೆ ಕಟ್ಟಿತ್ತು, ತಳ ನೀರು ಕುಡಿದು ಜಿಡ್ಡಾಗಿತ್ತು. ಅವ್ವ ಎಡಗೈ ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ಬೆರಳು ಒಳಗೆ ಇಳಿಯಲಿಲ್ಲ. "ಮಗೀಗೆ ಕೊಡು, ಆಡ್ಕತದೆ" ಅಂದಳು.

ಹಾಗೆ ಶುರುವಾಯಿತು ನನ್ನ ಪಾಠ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ಪಟ್ಟಿ ಹಾಕಿದ ಕೈ ತೊಡೆಯ ಮೇಲೆ. ಒಂಬತ್ತು ವರ್ಷದ ಮಗಳು ಪಕ್ಕದಲ್ಲಿ.

ಲೆಕ್ಕ ಸುಲಭ. ಎರಡು ಲೋಟ ನೀರಿಗೆ ಒಂದು ಲೋಟ ಹಿಟ್ಟು, ಸಾಧಾರಣ ಗಾತ್ರದ ಎರಡು ಮುದ್ದೆ. ನಾನು ನಾಲ್ಕು ಲೋಟ ನೀರಿಟ್ಟೆ. ಕುದಿ ಬಂತು. ಎರಡು ಲೋಟ ಹಿಟ್ಟನ್ನು ಧಾರೆಯಾಗಿ ಸುರಿಯುತ್ತಾ ಗರಗರ ತಿರುವಿದೆ. ಉಪ್ಪಿಟ್ಟು ಮಾಡಿ ಅಭ್ಯಾಸ ಇತ್ತಲ್ಲ, ಅದೇ ಧೈರ್ಯ.

"ಅಯ್ಯೋ, ಕೈ ಹಾಕ್ಬೇಡ ಕಣ್ಲಾ!" ಅಂತ ಅವ್ವ ಕೂಗುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

ಆ ರಾತ್ರಿಯ ಮುದ್ದೆ ಬಿಡಿಸಿದರೆ ಒಳಗೆಲ್ಲಾ ಒಣ ಹಿಟ್ಟಿನ ಗಂಟು. ಅವ್ವ ಒಂದೊಂದನ್ನೇ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು. ಮಗಳು ಎಣಿಸಿದಳು. ಹನ್ನೊಂದು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ನಿನಲ್ಲಿ 11 ಅಂತ ಬರೆದೇ ಬಿಟ್ಟಳು. ಮುಂದಿನ ಆರು ವಾರ ನನ್ನ ಮರ್ಯಾದೆ ಆ ಕ್ಯಾಲೆಂಡರಿನಲ್ಲಿ ನೇತಾಡಿತು.

ಮರುದಿನ ಗಂಟು ಒಂಬತ್ತು. "ಹಿಟ್ಟೇ ಸರಿಯಿಲ್ಲ ಅವ್ವಾ, ಮಿಲ್ಲಿನವನು ಸರಿಯಾಗಿ ಬೀಸಿಲ್ಲ" ಅಂದೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಅಂದಳು ಅವ್ವ. ಮಗಳಿಗೆ ಆ ಗಾದೆ ತುಂಬಾ ಹಿಡಿಸಿತು. ಈಗ ಶಾಲೆಯಲ್ಲೂ ಬಳಸುತ್ತಾಳಂತೆ.

ಗಂಟು ಯಾಕಾಗುತ್ತದೆ ಅಂತ ಯೋಚನೆ ಮಾಡಿದೆ. ಕುದಿಯುವ ನೀರಿಗೆ ಬಿದ್ದ ಹಿಟ್ಟಿನ ಉಂಡೆಯ ಹೊರಮೈ ತಕ್ಷಣ ಬೆಂದು ಅಂಟಾಗುತ್ತದೆ. ಆ ಅಂಟೇ ಗೋಡೆ. ಒಳಗಿನ ಹಿಟ್ಟಿಗೆ ನೀರು ಹೋಗುವುದಿಲ್ಲ. ಆಮೇಲೆ ಎಷ್ಟು ತಿರುವಿದರೂ ಗಂಟು ಅತ್ತಿತ್ತ ಓಡಾಡುತ್ತದೆಯೇ ಹೊರತು ಒಡೆಯುವುದಿಲ್ಲ. ಇನ್ನೊಂದು ವಿಷಯ. ಗೋಧಿಯಲ್ಲಿರುವ ಗ್ಲುಟೆನ್ ರಾಗಿಯಲ್ಲಿಲ್ಲ. ಚಪಾತಿ ಹಿಟ್ಟಿನ ಹಾಗೆ ತಣ್ಣೀರಲ್ಲಿ ನಾದಿದರೆ ಅದು ಹಿಡಿದುಕೊಳ್ಳುವುದಿಲ್ಲ. ಮುದ್ದೆ ಮುದ್ದೆಯಾಗಿ ನಿಲ್ಲುವುದು ಬೆಂದ ಹಿಟ್ಟಿನ ಅಂಟಿನಿಂದಲೇ. ಬೇಯದಿದ್ದರೆ ಮುದ್ದೆ ಇಲ್ಲ, ಅವಸರದಲ್ಲಿ ಬೆಂದರೆ ಗಂಟು.

ಇದನ್ನೆಲ್ಲಾ ಅವ್ವನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. "ಅದ್ಕೇ ಕೈ ಹಾಕ್ಬೇಡ ಅಂದಿದ್ದು" ಅಂದಳು.

ಅವ್ವನ ಕ್ರಮ ಹೀಗೆ. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಕಾಯುವ ನೀರಿಗೆ ಹುಯ್ಯಬೇಕು. ಅದು ತೆಳು ಅಂಬಲಿಯ ಹಾಗೆ ಉಕ್ಕಿ ಬರುತ್ತದೆ. ಆಗ ಉಳಿದ ಹಿಟ್ಟನ್ನು ನಡುಮಧ್ಯಕ್ಕೆ ಗುಡ್ಡೆಯಾಗಿ ಹಾಕಬೇಕು. ತಿರುವಬಾರದು. ಹಿಟ್ಟಿನ ಕೋಲನ್ನು ಗುಡ್ಡೆಯ ನಡುವೆ ತಳ ಮುಟ್ಟುವಂತೆ ಚುಚ್ಚಿ ಸುಮ್ನೆ ಬಿಡಬೇಕು. ಉರಿ ಸಣ್ಣ. ಸುತ್ತಲಿನ ನೀರು ಅಂಚಿನಿಂದ ಹತ್ತಿ ಬಂದು ಗುಡ್ಡೆಯ ನೆತ್ತಿಯ ಮೇಲೆ ಬೀಳುತ್ತದೆ, ಕೋಲಿನ ತೂತಿನಿಂದಲೂ ಉಕ್ಕುತ್ತದೆ. ಐದಾರು ನಿಮಿಷ. ಈ ಐದಾರು ನಿಮಿಷ ಕೈಕಟ್ಟಿ ನಿಲ್ಲುವುದೇ ಕಷ್ಟದ ಕೆಲಸ. ನನಗೆ ಪ್ರತಿ ಸಲ ಕೈ ತುರಿಸುತ್ತಿತ್ತು.

"ಸದ್ದು ಕೇಳು" ಅನ್ನುತ್ತಿದ್ದಳು. ಮೊದಲು ಗುಳುಗುಳು. ಹಿಟ್ಟು ನೀರು ಕುಡಿದ ಹಾಗೆಲ್ಲಾ ಸದ್ದು ದಪ್ಪವಾಗುತ್ತದೆ. ಕೊನೆಗೆ ಪುಸ್, ಪುಸ್ ಅಂತ ಬಿಟ್ಟು ಬಿಟ್ಟು ಉಸಿರು ಬಿಡುತ್ತದೆ. ಆಗ ಒಂದು ಲೋಟದಷ್ಟು ಬಿಸಿನೀರನ್ನು ಪಕ್ಕಕ್ಕೆ ಬಗ್ಗಿಸಿಕೊಂಡು, ಪಾತ್ರೆ ಇಳಿಸಿ ತಿರುವಬೇಕು. ಗಟ್ಟಿಯಾಯಿತು ಅನಿಸಿದರೆ ಬಗ್ಗಿಸಿದ ನೀರನ್ನೇ ಸ್ವಲ್ಪ ಸ್ವಲ್ಪ ವಾಪಸ್ ಹಾಕುವುದು. ತಣ್ಣೀರು ಹಾಕಿದರೆ ಅವ್ವ ಕುರ್ಚಿಯಿಂದ ಎದ್ದೇ ಬಿಡುತ್ತಿದ್ದಳು.

ತಿರುವುವುದು ಅಂದರೆ ಸುಮ್ಮನೆ ಸುತ್ತಿಸುವುದಲ್ಲ. ಕೋಲಿನ ತುದಿಯಿಂದ ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಅರೆಯಬೇಕು. ಒತ್ತಬೇಕು, ಮಡಚಬೇಕು, ಮತ್ತೆ ಒತ್ತಬೇಕು. ಗ್ಯಾಸ್ ಒಲೆಯ ಮೇಲೆ ಇದು ಆಗದ ಮಾತು. ಅಲ್ಯೂಮಿನಿಯಂ ಪಾತ್ರೆ ಗಿರ್ರನೆ ತಿರುಗುತ್ತದೆ. ನೆಲದ ಮೇಲೆ ಬಟ್ಟೆಯ ಸಿಂಬೆ ಇಟ್ಟು, ಅದರ ಮೇಲೆ ಪಾತ್ರೆ ಕೂರಿಸಿ, ದಪ್ಪ ಬಟ್ಟೆ ಸುತ್ತಿದ ಎರಡೂ ಕಿವಿಗಳನ್ನು ಪಾದದಲ್ಲಿ ಅದುಮಿ ಕೂತೆ. ಮೊದಲ ವಾರ ಹೆಬ್ಬೆರಳಲ್ಲಿ ಬೊಬ್ಬೆ ಬಂತು. ಭುಜ ಹಿಡಿದುಕೊಂಡಿತು. ನಮ್ಮನೆಯಲ್ಲಿ ದಿನಕ್ಕೆ ನಾಲ್ಕು ಮುದ್ದೆ ಅಷ್ಟೇ. ಅವ್ವ ಊರಲ್ಲಿದ್ದಾಗ ನಾಟಿಯ ಹೊತ್ತಿನಲ್ಲಿ ಮೂವತ್ತು ಆಳಿಗೆ ತಿರುವುತ್ತಿದ್ದಳು. ಅದೂ ಸೌದೆ ಒಲೆಯ ಮುಂದೆ. ನಾನು ಅದನ್ನು ನೂರಾರು ಸಲ ಕಣ್ಣಾರೆ ನೋಡಿದ್ದೆ. ಆದರೆ ಅದು ಭುಜದ ಕೆಲಸ ಅಂತ ಗೊತ್ತಾಗಿದ್ದು ಈಗ.

ಬೆಂದಿದೆಯೋ ಇಲ್ಲವೋ ನೋಡಲು ಒದ್ದೆ ಕೈಯಲ್ಲಿ ಮುಟ್ಟಬೇಕು. ಅಂಟಿದರೆ ಇನ್ನೂ ಹಸಿ, ನೀರು ಚಿಮುಕಿಸಿ ಮತ್ತೆ ಎರಡು ನಿಮಿಷ ಒಲೆಗೆ. ಅಂಟದಿದ್ದರೆ ಕಟ್ಟಬಹುದು. ಕಟ್ಟುವುದು ಮರದ ಹಲಗೆಯ ಮೇಲೆ. ಬಿಸಿ ಇರುವಾಗಲೇ ಕಟ್ಟಬೇಕು, ಆರಿದರೆ ಬಿರುಕು. ಮೂರನೇ ವಾರಕ್ಕೆ ನನ್ನ ಅಂಗೈಯೂ ಬಿಸಿಗೆ ಒಗ್ಗಿತು. ಕ್ಯಾಲೆಂಡರಿನಲ್ಲಿ 4, 2, 3, ಮತ್ತೆ 2.

ಸಾರಿನ ವಿಷಯದಲ್ಲಿ ನಾನು ಪುಣ್ಯವಂತ. ಅವ್ವ ಕೇಳಿದ್ದು ಉಪ್ಸಾರು. ಇದಕ್ಕಿಂತ ಸುಲಭದ ಸಾರು ಮಂಡ್ಯದವರ ಹತ್ತಿರ ಇಲ್ಲ. ಬಸ್ಸಾರಿನ ಅಣ್ಣ ತಮ್ಮನ ಹಾಗೆ ಅಂದುಕೊಳ್ಳಿ. ಎರಡಕ್ಕೂ ಕಾಳು, ಸೊಪ್ಪು ಬೇಯಿಸಿ ಆ ನೀರನ್ನು, ಅಂದರೆ ಕಟ್ಟನ್ನು, ಬಸಿಯುವುದು ಒಂದೇ. ಬಸ್ಸಾರಿಗೆ ಆ ಕಟ್ಟಿನೊಳಗೆ ಮಸಾಲೆ ರುಬ್ಬಿ ಹಾಕಿ ಮತ್ತೆ ಕುದಿಸುತ್ತಾರೆ. ಉಪ್ಸಾರಿಗೆ ಅದೇನೂ ಇಲ್ಲ. ಕಟ್ಟಿಗೆ ಉಪ್ಪು ಅಷ್ಟೇ. ಖಾರ ಬೇರೆ.

ದೇವರಾಜ ಮಾರ್ಕೆಟ್‌ಗೆ ಹೋಗಿ ದಂಟಿನ ಸೊಪ್ಪು ತಂದೆ. ಹೆಸರುಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು ಹಾಕಬೇಕು. ಸೊಪ್ಪು ಹಾಕಿದ ಮೇಲೆ ಮುಚ್ಚಳ ಮುಚ್ಚಬಾರದು, ಹಸಿರು ಬಣ್ಣ ಕೆಡುತ್ತದೆ. ಬಸಿದ ಕಾಳು ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ, ಮೇಲೆ ಕಾಯಿತುರಿ. ಅದು ಪಲ್ಯ.

ಇನ್ನು ಖಾರ. ಎಂಟು ಹತ್ತು ಒಣಮೆಣಸಿನಕಾಯಿಯನ್ನು ಎಣ್ಣೆ ಸೋಕಿಸಿ ಕಪ್ಪಾಗದಂತೆ ಹುರಿದು, ಒಂದು ಚಮಚ ಜೀರಿಗೆ, ಎಂಟು ಕಾಳು ಮೆಣಸು, ಆರೇಳು ಎಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆಹಣ್ಣು, ಕಲ್ಲುಪ್ಪು ಹಾಕಿ ಗಟ್ಟಿಯಾಗಿ ಅರೆಯಬೇಕು. ಮಿಕ್ಸಿಯ ಬ್ಲೇಡಿಗೆ ಇಷ್ಟು ಕಡಿಮೆ ಪದಾರ್ಥ ಸಿಗುವುದಿಲ್ಲ, ನೀರು ಜಾಸ್ತಿ ಹಾಕಬೇಕಾಗುತ್ತದೆ. ಹಿತ್ತಲಲ್ಲಿ ತುಳಸಿ ಕುಂಡದ ಪಕ್ಕ ಬಿದ್ದಿದ್ದ ಒರಳನ್ನು ತೊಳೆದು ತಂದೆ. ಅವ್ವನ ಮುಖದಲ್ಲಿ ಆ ವಾರದ ಮೊದಲ ನಗು ಕಂಡಿದ್ದು ಆಗ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡು ಕೆಮ್ಮಿದ್ದೂ ಆಗಲೇ.

ಉಪ್ಸಾರಿನ ಒಳ್ಳೆಯತನ ಏನು ಗೊತ್ತಾ? ಖಾರ ಅವರವರ ತಟ್ಟೆಯಲ್ಲಿ. ಅವ್ವ ನೆಲ್ಲಿಕಾಯಿ ಗಾತ್ರ ಹಾಕಿಕೊಂಡು ಕಟ್ಟಿನಲ್ಲಿ ಕದಡುತ್ತಾಳೆ. ಮಗಳಿಗೆ ಬೆರಳ ತುದಿಯಲ್ಲಿ ಅಂಟಿದಷ್ಟು ಸಾಕು. ಜ್ವರ ಬಂದವರಿಗೂ, ಮಕ್ಕಳಿಗೂ, ದುಡಿದು ಬಂದವರಿಗೂ ಒಂದೇ ಪಾತ್ರೆಯ ಸಾರು. ಯಾರಿಗೂ ಬೇರೆ ಅಡುಗೆ ಮಾಡಬೇಕಾಗಿಲ್ಲ.

ಹೆಂಡತಿಗೆ ಮಾತ್ರ ಇನ್ನೊಂದು ಪಾಠ ಬಾಕಿ ಇತ್ತು. ಅವಳು ಮುದ್ದೆಯನ್ನು ಅಗಿಯುತ್ತಿದ್ದಳು. ಅಗಿದರೆ ಹಲ್ಲಿಗೆ ಮೆತ್ತಿಕೊಂಡು ಒದ್ದಾಟ. "ಅಗೀಬಾರ್ದು ಕಣವ್ವ. ಸಾರಲ್ಲಿ ಅದ್ದು, ನಾಲಿಗೆ ಮೇಲಿಡು, ಬಿಟ್ಬುಡು" ಅಂದಳು ಅವ್ವ. "ಅತ್ತೆ, ಗಂಟಲಲ್ಲಿ ಸಿಕ್ಕಿಹಾಕಿಕೊಂಡರೆ?" "ನಿನ್ ಗಂಡ ಮಾಡಿರೋದು, ಸಿಕ್ಕಿದ್ರೂ ಸಿಗಬೌದು." ಇಬ್ಬರೂ ನಕ್ಕರು. ಹದಿಮೂರು ವರ್ಷದಲ್ಲಿ ಅವರಿಬ್ಬರು ಅಡುಗೆಮನೆಯಲ್ಲಿ ಹಾಗೆ ಸೇರಿ ನಕ್ಕಿದ್ದು ಕಮ್ಮಿ. ನಗಲು ಅವರಿಗೆ ನಾನು ಬೇಕಾಗಿತ್ತು ಅಷ್ಟೇ.

ಕ್ಯಾಲ್ಸಿಯಂ ಮಾತ್ರೆ ನುಂಗುವುದು ಅವ್ವನಿಗೆ ಇಷ್ಟವಿಲ್ಲ. "ಇಟ್ಟಲ್ಲೇ ಅದೆಯಂತಲ್ಲಾ" ಅಂತ ವಾದ. ಸುಳ್ಳೇನಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು. ಆದರೂ ಮಾತ್ರೆ ಬಿಡಿಸಲಿಲ್ಲ. ಮುದ್ದೆ ಆದ ಮೇಲೆ ಮಾತ್ರೆ ಅಂತ ರಾಜಿಯಾಯಿತು.

ನಾಲ್ಕನೇ ವಾರ ದೊಡ್ಡವ್ವನ ಫೋನ್ ಬಂತು. ಅವ್ವನ ಅಕ್ಕ. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದ ಕಡೆಯ ಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ. ಮಗ ಸೊಸೆ ಬೆಂಗಳೂರಲ್ಲಿ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಇಟ್ಟಿಗೆ ಏನ್ ಮಾಡ್ತೀಯೇ?"

"ನನ್ ಮಗ ಮಾಡ್ತಾನೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು. ಆಮೇಲೆ, "ನಂಗೂ ಒಂದ್ ತಕ್ಕಂಬಾ ಅನ್ನು. ನಾನು ಇಟ್ಟು ಮಾಡಿ ತಿಂಗಳಾಯ್ತು. ಒಬ್ಳಿಗೆ ಯಾರು ಕೋಲು ಹಿಡೀತಾರೆ."

ಅದು ನಿಜ. ಒಂದು ಮುದ್ದೆ ಮಾಡಿ ನೋಡಿ. ಅಷ್ಟು ಕಡಿಮೆ ಹಿಟ್ಟು ಕೋಲಿಗೇ ಸುತ್ತಿಕೊಳ್ಳುತ್ತದೆ, ಒತ್ತಲು ಹಿಡಿತ ಸಿಗುವುದಿಲ್ಲ, ಬೇಗ ಆರುತ್ತದೆ. ಅನ್ನ ಒಬ್ಬರಿಗೆ ಮಾಡಿಕೊಳ್ಳಬಹುದು. ಮುದ್ದೆ ಒಬ್ಬರಿಗೆ ಆಗುವುದಿಲ್ಲ. ಗಂಡ ತೀರಿಕೊಂಡ ಮೇಲೆ ಊರಲ್ಲಿ ಎಷ್ಟು ಜನ ಹೆಂಗಸರು ಚಿತ್ರಾನ್ನಕ್ಕೂ ಬ್ರೆಡ್ಡಿಗೂ ಬಂದಿದ್ದಾರೋ.

ತೆಗೆದುಕೊಂಡು ಹೋಗೋಣ ಅಂತ ಒಂದು ದಿನ ಪರೀಕ್ಷೆ ಮಾಡಿದೆ. ಬೆಳಿಗ್ಗೆ ಆರಕ್ಕೆ ಕಟ್ಟಿದ ಮುದ್ದೆಯನ್ನು ಹಾಟ್ ಬಾಕ್ಸಿನಲ್ಲಿಟ್ಟು ಹತ್ತಕ್ಕೆ ತೆಗೆದೆ. ಹೋಟೆಲ್ಲಿನವನನ್ನು ಬೈದಿದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು. ಅದೇ ಸಿಪ್ಪೆ, ಅದೇ ಬೆವರು. ಸರಿ, ಮುದ್ದೆಯನ್ನಲ್ಲ, ಮುದ್ದೆ ಮಾಡುವವನನ್ನೇ ಕರೆದುಕೊಂಡು ಹೋಗಬೇಕು ಅಂತಾಯಿತು.

ಭಾನುವಾರ ಎಲ್ಲರೂ ಪ್ಯಾಸೆಂಜರ್ ರೈಲು ಹತ್ತಿದೆವು. ಸ್ಟೀಲ್ ಡಬ್ಬಿಯಲ್ಲಿ ಖಾರ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೊಪ್ಪು, ಬ್ಯಾಗಿನಿಂದ ಹೊರಗೆ ಮೂತಿ ಹಾಕಿದ ಹಿಟ್ಟಿನ ಕೋಲು. ಎದುರು ಸೀಟಿನವರು ಕೋಲನ್ನೂ ಅವ್ವನ ಪಟ್ಟಿಯನ್ನೂ ನನ್ನನ್ನೂ ಒಂದಾದ ಮೇಲೊಂದು ನೋಡಿದರು. ಏನೋ ಕಥೆ ಕಟ್ಟಿಕೊಂಡಿರಬೇಕು. ನಾಗನಹಳ್ಳಿ ದಾಟಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಬಂದಾಗ ಅವ್ವ ನಾಣ್ಯ ಎಸೆದಳು. ಎಡಗೈಯಲ್ಲಿ ಎಸೆದದ್ದು ಸೇತುವೆಯ ಕಂಬಿಗೆ ಬಡಿದು ಟಣ್ ಅಂತ ಎಲ್ಲೋ ಹಾರಿತು. "ಇನ್ನೊಂದ್ ಕೊಡು" ಅಂದಳು. ಅಷ್ಟರಲ್ಲಿ ಹೊಳೆ ಮುಗಿದಿತ್ತು.

ಪಾಂಡವಪುರ ಕಳೆದರೆ ಕಿಟಕಿಯಾಚೆ ಕಬ್ಬು, ಭತ್ತ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಈ ಸೀಮೆಯ ಬಣ್ಣವೇ ಬದಲಾಯಿತು ಅಂತಾರೆ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯೂ ಬಂತು. ಆದರೆ ದೊಡ್ಡಪ್ಪ ಗದ್ದೆಯಲ್ಲಿ ಭತ್ತ, ಕಬ್ಬು ಬೆಳೆದರೂ ಮೇಲಿನ ಹೊಲದಲ್ಲಿ ರಾಗಿ ಬಿಟ್ಟವನಲ್ಲ. ಭತ್ತ ಮಾರೋಕೆ, ರಾಗಿ ಉಣ್ಣೋಕೆ. ಅವನು ಬಿತ್ತುತ್ತಿದ್ದುದು 'ಇಂಡಾಪು'. ಚಿಕ್ಕವನಿದ್ದಾಗ ಅದು ಯಾವುದೋ ದೇವರ ಹೆಸರು ಅಂದುಕೊಂಡಿದ್ದೆ. ಇಂಡಿಯಾ, ಆಫ್ರಿಕಾ ಎರಡೂ ಕಡೆಯ ರಾಗಿ ಸೇರಿಸಿ ಮಾಡಿದ ತಳಿ, ಅದಕ್ಕೇ ಇಂಡಾಫ್ ಅಂತ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ಅದನ್ನು ಮಾಡಿದ ಕೃಷಿ ವಿಜ್ಞಾನಿ ‘ರಾಗಿ’ ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದು ಇದೇ ವಿ.ಸಿ. ಫಾರಂನಲ್ಲಿ. ವಿ.ಸಿ. ಅಂದರೆ ಆ ನಾಲೆಯ ಹೆಸರೇ. ಭತ್ತ ತಂದ ನಾಲೆಯ ಹೆಸರಿನ ಫಾರಂನಲ್ಲಿ ರಾಗಿಯೂ ಬದುಕಿಕೊಂಡಿತು.

ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. ಅಕ್ಕ ತಂಗಿ ಪಟ್ಟಿ ಮುಟ್ಟಿಕೊಂಡು ಸ್ವಲ್ಪ ಹೊತ್ತು ಅತ್ತರು. ಅಷ್ಟರಲ್ಲೇ ಯಾರೋ ಸೋದರತ್ತೆಯ ಸೊಸೆಯ ಮೇಲೆ ಚಾಡಿ ಶುರುವಾಯಿತು. ನಾನು ಅಡುಗೆಮನೆಗೆ ಹೋದೆ.

ಅಲ್ಲಿನ ಹಿಟ್ಟು ಬೇರೆ. ಅವಳ ಮನೆಯ ರಾಗಿ, ಹಿಂದಿನ ದಿನ ಬೀಸಿಸಿದ್ದು, ಸ್ವಲ್ಪ ತರಿ. ನಮ್ಮನೆಯ ಲೆಕ್ಕ ಅಲ್ಲಿ ನಡೆಯಲಿಲ್ಲ, ನೀರು ಜಾಸ್ತಿ ಬೇಡಿತು. ಹತ್ತು ಮುದ್ದೆಯ ಪಾತ್ರೆ ಇಟ್ಟಿದ್ದೆ. ಪಕ್ಕದ ಮನೆಯ ಇಬ್ಬರು ಮುದುಕಿಯರು "ಗಂಡ್ಸು ಇಟ್ಟು ಮಾಡ್ತಾನಂತೆ" ಅಂತ ನೋಡಲು ಬಂದವರು ಅಲ್ಲೇ ಕೂತರು. ಅವರಿಗೂ ಸೇರಿತು. ಅಷ್ಟು ಹಿಟ್ಟು ತಿರುವಲು ನನ್ನ ಪಾದದ ಹಿಡಿತ ಸಾಲಲಿಲ್ಲ. ದೊಡ್ಡವ್ವ ಅಟ್ಟದಿಂದ ಹಳೆಯ ಕವೆಗೋಲು, ಅಂದರೆ ಕವಲಿರುವ ಕೋಲು, ತೆಗೆಸಿ, ಪಾತ್ರೆಯ ಕಂಠಕ್ಕೆ ಕೊಟ್ಟು, ಅದರ ಮೇಲೆ ಎರಡೂ ಪಾದ ಊರಿ ಕೂತಳು. "ಈಗ ತಿರುವು, ಅದೆಂಗೆ ಅಲ್ಲಾಡ್ತದೋ ನೋಡ್ತೀನಿ." 78 ವರ್ಷದ ಕಾಲು. ಪಾತ್ರೆ ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು.

ನಡುಮನೆಯಲ್ಲಿ ಸಾಲಾಗಿ ಕೂತು ಉಂಡೆವು. ದೊಡ್ಡವ್ವ ಒಂದು ಮುದ್ದೆ ಉಂಡಳು. ಇನ್ನೊಂದು ಹಾಕಿಸಿಕೊಂಡಳು. ನಾನು ಏನಾದರೂ ಅನ್ನುತ್ತಾಳೆ ಅಂತ ಕಾದೆ. ತಟ್ಟೆಯಲ್ಲಿ ಕೈ ತೊಳೆದು, ಸೆರಗಲ್ಲಿ ಬಾಯಿ ಒರೆಸಿಕೊಂಡು, "ಉಪ್ಪು ಒಂಚೂರು ಮುಂದಾಯ್ತು" ಅಂದಳು.

ಉಳಿದ ಎರಡು ಮುದ್ದೆಯನ್ನು ಕುಡಿಕೆಯಲ್ಲಿ ನೀರು ಹಾಕಿ ಇಡಿಸಿಕೊಂಡಳು. ಬೆಳಿಗ್ಗೆ ಮಜ್ಜಿಗೆಗೆ ಹಿಸುಕಿ, ಈರುಳ್ಳಿ ಕಚ್ಚಿಕೊಂಡು ಕುಡಿಯುತ್ತಾಳಂತೆ. ಖಾರದ ಡಬ್ಬಿಯನ್ನು ವಾಪಸ್ ಕೊಡಲೇ ಇಲ್ಲ. ಡಬ್ಬಿಗೋಸ್ಕರ ಮುಂದಿನ ತಿಂಗಳು ಮತ್ತೆ ಬರಬೇಕಂತೆ. ಹೋದೆವು. ಆಗಲೂ ಡಬ್ಬಿ ಕೊಡಲಿಲ್ಲ.

ಆರು ವಾರಕ್ಕೆ ಪಟ್ಟಿ ಬಿಚ್ಚಿದರು. ಕೈ ಸಣಕಲಾಗಿತ್ತು. ದಿನವೂ ಚೆಂಡು ಒತ್ತುವ ವ್ಯಾಯಾಮ ಹೇಳಿಕೊಟ್ಟರು. ಮೂರು ವಾರ ಚೆಂಡು ಒತ್ತಿದ ಮೇಲೆ, ಒಂದು ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವ್ವ ನೆಲದ ಮೇಲೆ ಕೂತು ಪಾತ್ರೆ ಅದುಮಿದ್ದಳು. ಬೇಡ ಅಂದರೆ ಕೇಳುವವಳಲ್ಲ. ಹಣೆ ಬೆವರಿತ್ತು, ಕೋಲು ನಡುಗುತ್ತಿತ್ತು. ಆದರೂ ನಾಲ್ಕು ಮುದ್ದೆ ಕಟ್ಟಿ ಹಲಗೆಯ ಮೇಲಿಟ್ಟಳು.

ಊಟಕ್ಕೆ ಕೂತೆವು. ಎರಡನೇ ತುತ್ತಿಗೇ ನನ್ನ ನಾಲಿಗೆಗೆ ಗಂಟು ಸಿಕ್ಕಿತು. ಸುಮ್ನೆ ನುಂಗಿದೆ. ಹೆಂಡತಿಯೂ ನುಂಗಿದಳು, ಕಣ್ಣಲ್ಲೇ ಗೊತ್ತಾಯಿತು. ಮಗಳಿಗೆ ಅಂಥ ದಾಕ್ಷಿಣ್ಯ ಇಲ್ಲ. ಆರಿಸಿ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು.

"ಅಜ್ಜಿ, ಮೂರು!"

ಎದ್ದು ಕ್ಯಾಲೆಂಡರಿನ ಕಡೆ ಹೊರಟಳು. ಅವ್ವ ಆ ಮೂರು ಗಂಟನ್ನೂ ನೋಡಿದಳು. ನನ್ನ ಮುಖ ನೋಡಲಿಲ್ಲ. ಕಟ್ಟಿಗೆ ಇನ್ನೊಂಚೂರು ಖಾರ ಹಾಕಿ ಕದಡಿದಳು.

"ಹಿಟ್ಟೇ ಸರಿಯಿಲ್ಲ. ಮಿಲ್ಲಿನವ್ನು ಸರಿಯಾಗಿ ಬೀಸಿಲ್ಲ" ಅಂದಳು.